ನಾನು ಹೇಳಿದ ದನಿ

ಮಾರ್ಚ್ 3, ಸೋಮವಾರ

ಕಿವಿ ಡಾಕ್ಟರು ಇವತ್ತು ಕೈಚೆಲ್ಲಿದರು. ನಮ್ಮ ಯಜಮಾನರ ಎಡಗಿವಿ ಹೋದ ವರ್ಷವೇ ಹೋಗಿತ್ತು, ಈಗ ಬಲಗಿವಿಯದೂ ಮುಗಿಯಿತು. ನರವೇ ಸತ್ತಿದೆ, ಯಂತ್ರ ಹಾಕಿದರೂ ಗುಂಯ್ ಅನ್ನುವುದು ಬಿಟ್ಟು ಬೇರೇನೂ ಕೇಳಿಸದು ಎಂದರು. ಇದನ್ನೆಲ್ಲ ಹೇಳಿದ್ದು ನನಗೆ. ಇವರು ಪಕ್ಕದ ಕುರ್ಚಿಯಲ್ಲಿ ಕೂತು ಗೋಡೆಗೆ ಅಂಟಿಸಿದ್ದ ಕಿವಿಯ ಚಿತ್ರ ನೋಡುತ್ತಿದ್ದರು.

"ಏನಂದ್ರು?"

ಬಾಯಿ ದೊಡ್ಡದಾಗಿ ತೆರೆದು, "ಇನ್ನು ಇಷ್ಟೇ ಅಂತೆ," ಎಂದೆ.

"ಆ ಚಿತ್ರದಲ್ಲಿ ಬಣ್ಣ ಸರಿಯಾಗಿ ಕೂತಿಲ್ಲ, ನೋಡು. ಕೆಂಪು ಗೆರೆ ದಾಟಿ ಆಚೆ ಹೋಗಿದೆ," ಎಂದರು. ಇವರು ಯಾವತ್ತೂ ಹೀಗೆಯೇ.

ಇವರ ಕೆಲಸ ಹಾಡಿನ ರೆಕಾರ್ಡುಗಳಿಗೆ ಕವರು ಬರೆಯುವುದು. ಚಿತ್ರ, ಅಕ್ಷರ ಎರಡೂ ಕೈಯಲ್ಲೇ. ಮಧ್ಯೆ ಕ್ಯಾಸೆಟ್ಟು ಬಂತು, ಸೀಡಿ ಬಂತು, ಕವರು ಅಂಗೈಯಷ್ಟಾಯಿತು. ಈಗ ಮತ್ತೆ ದೊಡ್ಡ ರೆಕಾರ್ಡು ಕೊಳ್ಳುವವರು ಹುಟ್ಟಿಕೊಂಡಿದ್ದಾರೆ, ಅವರಿಗೆ ಕೈಯಲ್ಲಿ ಬರೆದ ಕವರೇ ಬೇಕಂತೆ. ಹಾಡನ್ನು ಮೂರು ಸಲ ಪೂರ್ತಿ ಕೇಳದೆ ಇವರು ಪೆನ್ಸಿಲು ಮುಟ್ಟುವುದಿಲ್ಲ. ಕೇಳದೆ ಬರೆದರೆ ಸುಳ್ಳುಸಾಕ್ಷಿ ಹೇಳಿದ ಹಾಗೆ ಎನ್ನುತ್ತಾರೆ. ನಲವತ್ತು ವರ್ಷ, ಆ ಕೋಣೆಯ ಬಾಗಿಲು ಹಾಕಿದ್ದಾಗ ನಾನು ಕುಕ್ಕರನ್ನೂ ಕೂಗಲು ಬಿಟ್ಟವಳಲ್ಲ.

ಕಂಪನಿಗೆ ಗೊತ್ತಾದರೆ ಕೆಲಸ ನಾಳೆಯೇ ಹೋಗುತ್ತದೆ. ಕಿವಿ ಕೇಳದವರಿಗೆ ಹಾಡಿನ ಕವರು ಯಾರು ಕೊಡುತ್ತಾರೆ? ಕೆಲಸ ಹೋದರೆ ಇವರು ಉಳಿಯುವುದಿಲ್ಲ, ಅದು ನನಗೆ ಗೊತ್ತು. ದೇವರೇ, ದಾರಿ ತೋರಿಸು. ಮನೆಯಲ್ಲಿ ಮಾತಾಡಿದರೆ ಇನ್ನು ಕೇಳುವವರಿಲ್ಲವಲ್ಲ, ಅದಕ್ಕೇ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ.

ಮಾರ್ಚ್ 5, ಬುಧವಾರ

ಕಂಪನಿಯಿಂದ ಹೊಸ ಹಾಡುಗಳ ಮಾದರಿ ರೆಕಾರ್ಡು ಬಂತು. ಇವರು ಎಂದಿನಂತೆ ಕೋಣೆಯ ಬಾಗಿಲು ಹಾಕಿಕೊಂಡರು. ದನಿ ಏರುತ್ತ ಹೋಯಿತು. ಅಡುಗೆಮನೆಯ ಡಬ್ಬಿಗಳು ಒಂದಕ್ಕೊಂದು ತಾಗಿ ಸದ್ದು ಮಾಡತೊಡಗಿದವು. ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದು, "ಏನ್ರೀ ಇದು, ಈ ವಯಸ್ಸಲ್ಲಿ ಗಂಡ ಹೆಂಡ್ತಿ ಮನೇಲಿ ಮೆರವಣಿಗೆ ಹೊರಟಿದ್ದೀರಾ?" ಎಂದಳು. "ಯಂತ್ರ ಕೆಟ್ಟಿದೆ, ರಿಪೇರಿ ಮಾಡ್ತಿದ್ದಾರೆ," ಎಂದೆ. ಸುಳ್ಳು. ದೇವರೇ, ಕ್ಷಮಿಸು. ಒಂದು ಗಂಟೆ ಹೆಚ್ಚಿಗೆ ಪ್ರಾರ್ಥನೆಗೆ ಕೂರುತ್ತೇನೆ.

ಬಾಗಿಲು ತೆಗೆದಾಗ ಇವರ ಮುಖ ನೋಡಲಾಗಲಿಲ್ಲ. "ಒಳಗೆ ಬಾ," ಎಂದರು. "ಕೂತು ಕೇಳು. ಕೇಳಿ ನಂಗೆ ಹೇಳು."

"ಸಂಗೀತ ನಂಗೇನು ಗೊತ್ತಾಗುತ್ತೆ ರೀ? ನಾನು ಏಳನೇ ಕ್ಲಾಸು."

ತುಟಿ ನೋಡಿ ಅರ್ಥ ಮಾಡಿಕೊಂಡರು. ಬೇರೆಯವರ ತುಟಿ ಇವರಿಗೆ ತಿಳಿಯುವುದಿಲ್ಲ, ನನ್ನದೊಂದು ತಿಳಿಯುತ್ತದೆ. "ಗೊತ್ತಿರೋರು ಬೇಡ. ಕೇಳಿದ್ದನ್ನ ಕೇಳಿದ ಹಾಗೆ ಹೇಳೋರು ಬೇಕು," ಎಂದರು.

ಆ ಕೋಣೆಯಲ್ಲಿ ಇರುವುದು ಒಂದೇ ಕುರ್ಚಿ. ಬಣ್ಣದ ಡಬ್ಬಿಗಳನ್ನು ನೆಲಕ್ಕಿಳಿಸಿ ಸ್ಟೂಲು ಎಳೆದುಕೊಂಡು ಕೂತೆ.

ಮಾರ್ಚ್ 9, ಭಾನುವಾರ

ಬೆಳಗ್ಗೆ ಪ್ರಾರ್ಥನೆ, ಆಮೇಲೆ ಮೂರು ಸಲ ಹಾಡು. ಕಣ್ಣು ಮುಚ್ಚಿ ಕೇಳುವಾಗ ಕಂಡದ್ದನ್ನೇ ಹೇಳಿದೆ. "ಮೊದಲು ಯಾರೋ ಬೂಟು ಹಾಕ್ಕೊಂಡು ಮೆಟ್ಲು ಹತ್ತಿ ಬರ್ತಾರೆ. ಅದು ಡ್ರಮ್ಮು. ಬಾಗಿಲ ಹತ್ರ ನಿಂತ್ಕೋತಾರೆ. ಬಡಿಯಲ್ಲ. ಸುಮ್ನೆ ನಿಂತಿರ್ತಾರೆ."

"ಎಷ್ಟು ಹೊತ್ತು?"

"ಒಂದು ಲೋಟ ನೀರು ಕುಡಿಯೋಷ್ಟು."

ಇವರು ಕಾಗದದ ಮೇಲೆ ಬೆರಳಿಟ್ಟು ಅಳೆದರು. "ಹಾಗಾದ್ರೆ ಎಡಗಡೆ ಇಷ್ಟು ಖಾಲಿ ಬಿಡ್ಬೇಕು." ಹಾಡು ಸುಮ್ಮನಾಗುವ ಕಡೆ ಕಾಗದವೂ ಸುಮ್ಮನಿರಬೇಕಂತೆ. "ಹಾಡೋನ ದನಿ ಹೇಗಿದೆ?"

"ಒದ್ದೆ ಕಂಬಳಿ ಹಾಗೆ. ಭಾರ."

"ಅಕ್ಷರ ದಪ್ಪ, ಅಂಚು ಮೆತ್ತಗೆ," ಎಂದು ತಮಗೆ ತಾವೇ ಹೇಳಿಕೊಂಡರು.

ಇಷ್ಟು ವರ್ಷಗಳಲ್ಲಿ ಇವರು ನನ್ನ ಬಾಯನ್ನು ಇಷ್ಟು ಹೊತ್ತು ನೋಡಿದ್ದಿಲ್ಲ. ನಾಚಿಕೆಯಾಯಿತು. ಹಲ್ಲಿನಲ್ಲಿ ಏನಾದರೂ ಸಿಕ್ಕಿಕೊಂಡಿದೆಯೋ ಎಂದು ಆಮೇಲೆ ಕನ್ನಡಿ ನೋಡಿಕೊಂಡೆ.

ಮಾರ್ಚ್ 28, ಶುಕ್ರವಾರ

ಕವರು ಅಚ್ಚಾಗಿ ಬಂದಿದೆ. ಮುಚ್ಚಿದ ಬಾಗಿಲು, ಕೆಳಗಿನ ಸಂದಿಯಲ್ಲಿ ಎರಡು ಬೂಟಿನ ನೆರಳು. ಅಷ್ಟೇ.

ಕಂಪನಿಯ ಮ್ಯಾನೇಜರು ಫೋನು ಮಾಡಿದ್ದರು. ಅವರಿಗೆ ನಾನಿಟ್ಟ ಹೆಸರು ಅರ್ಜೆಂಟು, ಅವರ ಮಾತು ಶುರುವಾಗುವುದೇ ಅಲ್ಲಿಂದ. "ಅರ್ಜೆಂಟಾಗಿ ಹೇಳ್ಬೇಕು ಅಂತ ಮಾಡ್ದೆ ಅಮ್ಮ. ಸಾರ್ ಕೈ ಮತ್ತೆ ಹಳೇ ಕಾಲದ ಹಾಗೆ ಓಡ್ತಿದೆ. ಆ ಬಾಗಿಲು ಎಲ್ಲಿ ಹೊಳೀತು ಅವರಿಗೆ? ಫೋನು ಕೊಡಿ." "ಕೆಲ್ಸಕ್ಕೆ ಕೂತಿದ್ದಾರೆ, ಎಬ್ಬಿಸಿದ್ರೆ ಬೈತಾರೆ," ಎಂದೆ.

ಇವರಿಗೆ ಹೇಳಿದಾಗ ಮುಖ ಅರಳಿತು. "ಬಾಗಿಲು ಚೆನ್ನಾಗಿ ಬಂತು ಅಲ್ವಾ," ಎಂದರು. ಬಾಗಿಲು ಯಾರ ಬಾಯಿಂದ ಬಂತು ಎನ್ನಲಿಲ್ಲ. ಹೋಗಲಿ. ಹೊಗಳಿಕೆ ದೇವರಿಗೆ ಸಲ್ಲಲಿ, ನನಗೇಕೆ.

ಏಪ್ರಿಲ್ 10, ಗುರುವಾರ

ಪ್ರಾರ್ಥನೆಯನ್ನು ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದೇನೆ. ಬೆಳಗಿನ ಹೊತ್ತು ಕಿವಿ ಚುರುಕಾಗಿರುತ್ತದೆ, ಅದು ಹಾಡಿಗೆ ಬೇಕು. ದೇವರಿಗೆ ಅರ್ಥವಾಗುತ್ತದೆ.

ಇವತ್ತು ಕೇಳಿದ್ದು ಒಬ್ಬ ಎಳೆ ಹುಡುಗಿಯ ಹಾಡುಗಳು. ತುಟಿ, ಸೊಂಟ, ಹಾಸಿಗೆ ಬಿಟ್ಟರೆ ಬೇರೆ ಮಾತಿಲ್ಲ. ಕಿವಿಗೆ ನೀರು ಹಾಕಿ ತೊಳೆದುಕೊಳ್ಳಬೇಕು ಅನ್ನಿಸಿತು. "ಏನು ಹಾಡು?" ಎಂದರು ಇವರು. ಇಂಥದ್ದನ್ನು ಬಾಯಿ ಅಗಲಿಸಿ, ಒಂದೊಂದೇ ಮಾತು ಬಿಡಿಸಿ, ಗಂಡನಿಗೇ ಆದರೂ ಹೇಗೆ ಹೇಳುವುದು?

"ಮನೆ ಬಿಟ್ಟು ಬಂದ ಹುಡುಗಿ. ಅಮ್ಮನ್ನ ನೆನೆಸ್ಕೊಳ್ತಿದ್ದಾಳೆ," ಎಂದೆ.

"ಬಣ್ಣ?"

"ಒಗೆದೂ ಒಗೆದೂ ಮಾಸಿದ ಹಳದಿ."

ಬಟ್ಟೆ ಒಣಹಾಕುವ ಹಗ್ಗ ಬರೆದರು. ಅದರಲ್ಲಿ ಒಂದೇ ಒಂದು ಪುಟ್ಟ ಹಳದಿ ಅಂಗಿ. ಒಳ್ಳೆಯ ಚಿತ್ರವಾಯಿತು. ಆ ಹಾಡಿಗೆ ಬೇಕಾಗಿದ್ದದ್ದೇ ಮರ್ಯಾದೆ, ಅದನ್ನು ನಾನು ಕೊಟ್ಟೆ.

ಏಪ್ರಿಲ್ 19, ಶನಿವಾರ

ಅರ್ಜೆಂಟು ಮನೆಗೇ ಬಂದರು. ನಾನು ಇವರ ಎದುರಿಗೆ ಸ್ಟೂಲು ಹಾಕಿಕೊಂಡು ಅವರ ಒಂದೊಂದು ಮಾತನ್ನೂ ತುಟಿಯಲ್ಲಿ ಬಿಡಿಸಿ ಇವರಿಗೆ ದಾಟಿಸಿದೆ.

"ಏನಮ್ಮ, ನಾನಾಡೋ ಭಾಷೆ ಸಾರ್‌ಗೆ ಬರಲ್ವಾ? ನೀವು ತರ್ಜುಮೆ ಮಾಡ್ತಿದ್ದೀರಲ್ಲ!"

"ನಿಮ್ಮ ಮಾತು ಓಡುತ್ತೆ, ಇವರು ನಿಧಾನ. ನಾನು ಮಧ್ಯೆ ಬ್ರೇಕು," ಎಂದೆ.

ಹೋ ಎಂದು ನಕ್ಕರು. ಏನೆಂದು ತಿಳಿಯದಿದ್ದರೂ ಇವರೂ ನಕ್ಕು ತಲೆಯಾಡಿಸಿದರು. ಈಚೆಗೆ ಇವರಿಗೆ ಇದೇ ಅಭ್ಯಾಸ. ಯಾರೇನು ಹೇಳಿದರೂ ನಸುನಕ್ಕು ತಲೆಯಾಡಿಸಿ ಎಂದು ನಾನೇ ಹೇಳಿಕೊಟ್ಟಿದ್ದೇನೆ. ತಲೆಯಾಡಿಸುವವರನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ.

"ಆ ಹಳದಿ ಅಂಗಿ ನೋಡಿ ಹಾಡಿದ ಹುಡುಗಿ ಅತ್ತೇಬಿಟ್ಲಂತೆ ಸಾರ್. ನನ್ನೊಳಗಿರೋದು ಇವರಿಗೆ ಹೇಗೆ ಗೊತ್ತಾಯ್ತು ಅಂದ್ಲಂತೆ."

ನೋಡು ಮತ್ತೆ! ನಾನು ಹೇಳಿದ್ದು ಸುಳ್ಳಲ್ಲ. ಹಾಡಿದವಳಿಗಿಂತ ಚೆನ್ನಾಗಿ ನನಗೆ ಕೇಳಿಸಿದೆ. ನನ್ನ ಚಿತ್ರ ಅದು.

ಹೊರಡುವಾಗ ಅರ್ಜೆಂಟು ಚೀಲದಿಂದ ಒಂದು ಹಳೆಯ ರೆಕಾರ್ಡು ತೆಗೆದು ಮೇಜಿನ ಮೇಲಿಟ್ಟರು. "ಮುಂದಿನದು ಇವರದ್ದು. ಹನ್ನೊಂದು ವರ್ಷ ಆದ್ಮೇಲೆ ಮತ್ತೆ ಹಾಡಿದ್ದಾರೆ."

ನಾನು ದಾಟಿಸಬೇಕಾಗಿಯೇ ಇರಲಿಲ್ಲ. ಕವರು ನೋಡಿದ ಕೂಡಲೇ ಇವರು ಕುರ್ಚಿಯಿಂದ ಎದ್ದು ನಿಂತರು. ಬೆಳ್ಳಿಗಂಟಲು.

ಏಪ್ರಿಲ್ 21, ಸೋಮವಾರ

ಬೆಳ್ಳಿಗಂಟಲು ಎಂದು ಜನರಿಟ್ಟ ಹೆಸರು. ಆಕೆಯ ಮೊದಲ ರೆಕಾರ್ಡಿನ ಕವರು ಇವರದೇ, ಮೂವತ್ತೆಂಟು ವರ್ಷದ ಹಿಂದಿನದು. ನೀಲಿಯ ಮೇಲೆ ಒಂದೇ ಒಂದು ಬಿಳಿ ಗೆರೆ. ಜನ ಹಾಡಿಗೆ ಮೊದಲು ಆ ಗೆರೆಗೆ ಮರುಳಾದರು. ಆಮೇಲಿನ ಎಲ್ಲ ರೆಕಾರ್ಡಿಗೂ ಇವರೇ ಆಗಬೇಕು ಎಂದು ಆಕೆ ಹಟ ಹಿಡಿದಳು.

ಆ ಮೊದಲ ಹಾಡನ್ನು ಇವರು ಮೂರು ಸಲಕ್ಕೆ ನಿಲ್ಲಿಸಲಿಲ್ಲ. ಮೂವತ್ತು ಸಲವೋ, ಇನ್ನೂ ಹೆಚ್ಚೋ. ನನಗೆ ಅವತ್ತು ಬೆಳಗಿನಿಂದ ಹೆರಿಗೆ ನೋವು. ನನ್ನ ತಾಯಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಾಗಿಲು ಬಡಿದರೂ ಇವರಿಗೆ ಕೇಳಿಸಲಿಲ್ಲವಂತೆ, ಕಿವಿ ಅಷ್ಟು ಚೆನ್ನಾಗಿದ್ದ ಕಾಲದಲ್ಲೇ. ಮಗಳು ಹುಟ್ಟಿದ್ದು ಮಧ್ಯಾಹ್ನ. ಇವರು ಬಂದದ್ದು ಸಂಜೆ.

ಇಬ್ಬರ ನಡುವೆ ಕೆಟ್ಟದ್ದೇನೂ ಇರಲಿಲ್ಲ. ನಾಲ್ಕೈದು ಸಲ ಭೇಟಿಯಾಗಿದ್ದರೆ ಹೆಚ್ಚು. ಏನಾದರೂ ಇದ್ದಿದ್ದರೆ ಒಂದು ಸಲ ಜಗಳವಾಡಿ ಮುಗಿಸುತ್ತಿದ್ದೆ. ಹಾಡು ಕೇಳಿದ್ದಕ್ಕೆ ಏನೆಂದು ಜಗಳವಾಡುವುದು? ನನ್ನ ಒಂದು ಮಾತನ್ನಾದರೂ ಇವರು ಅಷ್ಟು ಮನಸ್ಸಿಟ್ಟು ಕೇಳಿದ್ದಾರಾ ಎಂದು ಯಾವ ಪಂಚಾಯಿತಿಗೆ ಹೋಗಿ ಕೂರುವುದು?

ಏಪ್ರಿಲ್ 22, ಮಂಗಳವಾರ

ಮಾದರಿ ರೆಕಾರ್ಡು ಬಂತು. ಇವರು ಹೊಸ ಅಂಗಿ ಹಾಕಿಕೊಂಡು ಕೂತಿದ್ದರು. ಕೇಳುವವಳು ನಾನು.

ಇದು ನನ್ನ ನೋಟ್‌ಬುಕ್ಕು, ಇಲ್ಲಿ ನಿಜ ಬರೆಯುತ್ತೇನೆ. ಆ ದನಿಯಲ್ಲಿ ಬೆಳ್ಳಿ ಉಳಿದಿಲ್ಲ. ಕೆಳಗಿಳಿದಿದೆ, ದಪ್ಪಗಾಗಿದೆ, ಬಾವಿಯೊಳಗಿಂದ ತುಂಬಿದ ಕೊಡ ಮೇಲೆ ಬರುವ ಹಾಗೆ ಬರುತ್ತದೆ, ಒಂದು ಹನಿಯೂ ತುಳುಕದೆ. ನಾಲ್ಕನೆಯ ಹಾಡಿನಲ್ಲಿ ಒಂದು ಕಡೆ ಎಳೆದು ನಿಲ್ಲಿಸುತ್ತಾಳೆ. ಎಷ್ಟು ಹೊತ್ತೆಂದರೆ, ನಾನು ಉಸಿರು ಬಿಡುವುದನ್ನು ಮರೆತಿದ್ದೆ. ನನ್ನ ತಾಯಿ ಸತ್ತಾಗ ಬಾರದ ಅಳು ಬಂತು.

ಕಣ್ಣು ಒರೆಸಿಕೊಂಡು ತಿರುಗಿದರೆ, ಇವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಆ ಮುಖವನ್ನು ನಾನು ಹೇಗೆ ಬರೆಯಲಿ? ನನಗಾಗಿ ಒಂದು ದಿನವೂ ಇವರ ಮುಖ ಹಾಗಾಗಿದ್ದಿಲ್ಲ. ನನ್ನ ತುಟಿಯ ಮೇಲೆ ಕಣ್ಣಿಟ್ಟು ಅವಳಿಗಾಗಿ ಕಾಯುತ್ತಿದ್ದರು.

"ಅಳ್ತಿದ್ದೀಯಲ್ಲ. ಹೇಗಿದೆ?"

"ಪಾಪ ಅನ್ನಿಸ್ತು, ಅದಕ್ಕೆ," ಎಂದೆ. "ದನಿ ಮುಗಿದಿದೆ ರೀ."

ಇವರಿಗೆ ಅರ್ಥವಾಗಲಿಲ್ಲವೇನೋ ಎಂದು ಮತ್ತೆ ನಿಧಾನವಾಗಿ ಹೇಳಿದೆ. "ಒಡೆದಿದೆ. ಮೇಲಕ್ಕೆ ಹೋಗಲ್ಲ. ಉಸಿರು ಅರ್ಧಕ್ಕೇ ನಿಲ್ಲುತ್ತೆ. ಯಾಕಾದ್ರೂ ಹಾಡಿದ್ರೋ."

ಏಪ್ರಿಲ್ 26, ಶನಿವಾರ

ಎರಡನೆಯ ಸಲ, ಮೂರನೆಯ ಸಲವೂ ಕೇಳಿಸಿದರು. ಪ್ರತಿ ಸಲ, "ಇನ್ನೊಂದ್ಸಲ ಯೋಚಿಸಿ ಹೇಳು," ಎಂದರು. ಪ್ರತಿ ಸಲ ಅದನ್ನೇ ಹೇಳಿದೆ. ಹೇಳುತ್ತ ಹೇಳುತ್ತ ನನಗೂ ಹಾಗೆಯೇ ಕೇಳಿಸತೊಡಗಿದೆ. ಆ ನಾಲ್ಕನೆಯ ಹಾಡಿನ ಕೊನೆಯಲ್ಲಿ ಸ್ವಲ್ಪ ನಡುಕ ಇದ್ದೇ ಇದೆ.

ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ ಇವರು. ಇವತ್ತು ಚಿತ್ರ ಮುಗಿಯಿತು. ಬೀಗ ಹಾಕಿದ ಮನೆಯಲ್ಲಿ ಕುರ್ಚಿ ಮೇಜಿಗೆ ಬಿಳಿ ಬಟ್ಟೆ ಹೊದಿಸಿಡುತ್ತಾರಲ್ಲ, ಹಾಗೆ ಮೈಕಿನ ಸ್ಟ್ಯಾಂಡಿಗೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದಿಸಿದೆ. ಆಕೆಯ ಹೆಸರಿನ ಅಕ್ಷರಗಳು ಇಂಕು ತೀರಿದ ಹಾಗೆ ಮಸುಕಾಗುತ್ತ ಹೋಗಿ, ಕೊನೆಯದು ಕಂಡೂ ಕಾಣದ ಹಾಗಿದೆ.

ನಾವು ಇದುವರೆಗೆ ಮಾಡಿದ್ದರಲ್ಲಿ ಇದೇ ಉತ್ತಮ.

ಮೇ 6, ಮಂಗಳವಾರ

ಅರ್ಜೆಂಟಿಗೆ ಚಿತ್ರ ಬಹಳ ಹಿಡಿಸಿದೆ. "ಇದು ವಿದಾಯದ ರೆಕಾರ್ಡು ಅಂತ್ಲೇ ಹೊರಗೆ ತರ್ತೀವಿ ಅಮ್ಮ. ನೋಡಿದ್ರೆ ಸಂಕಟ ಆಗುತ್ತೆ, ಜನ ಮುಗಿಬೀಳ್ತಾರೆ."

"ಹಾಡು ಕೇಳಿದ್ರಾ ನೀವು?" ಎಂದೆ. ಸ್ವಲ್ಪ ಹೆದರಿಕೆ ಇತ್ತು.

"ನಾನೆಲ್ಲಿ ಕೇಳ್ತೀನಿ ಅಮ್ಮ? ಬೇಕರಿಯವನು ಕೇಕು ತಿಂತಾನಾ?"

ಮೇ 15, ಗುರುವಾರ

ಆಕೆಯೇ ಬಂದಿದ್ದಳು. ಹೇಳದೆ ಕೇಳದೆ, ಬೆಳಗ್ಗೆ ಹನ್ನೊಂದಕ್ಕೆ. ಅರವತ್ತಾಗಿದೆ. ಕೂದಲು ಪೂರ್ತಿ ಬಿಳಿ, ಮಂಡಿನೋವು, ಮೆಟ್ಟಿಲು ಹತ್ತಿ ಏದುಸಿರು. ಇಷ್ಟು ವರ್ಷ ನಾನು ಹೊಟ್ಟೆಯುರಿ ಪಟ್ಟದ್ದು ಇವಳಿಗಾಗಿಯಾ ಅನ್ನಿಸಿತು. "ಬನ್ನಿ ಅಕ್ಕ," ಎಂದೆ.

ಕವರಿನ ಅಚ್ಚನ್ನು ಸುರುಳಿ ಸುತ್ತಿ ತಂದಿದ್ದಳು. ಮೇಜಿನ ಮೇಲೆ ಬಿಡಿಸಿ, ಅಂಚು ಮೇಲೇಳದ ಹಾಗೆ ಎರಡೂ ಕೈಯಿಂದ ಒತ್ತಿ ಹಿಡಿದು, ಇವರ ಎದುರು ಕೂತಳು.

"ನಂಗೆ ನಾನು ಹೇಗೆ ಹಾಡ್ತೀನಿ ಅಂತ ಯಾವತ್ತೂ ಗೊತ್ತಾಗಿಲ್ಲ," ಎಂದಳು. ದನಿ ತಗ್ಗಿತ್ತು, ತಲೆಯೂ ತಗ್ಗಿತ್ತು. "ನೀವು ಬರೆದ ಕವರು ನೋಡಿದ್ಮೇಲೇ ಗೊತ್ತಾಗ್ತಿದ್ದದ್ದು. ಮೂರನೇ ರೆಕಾರ್ಡಲ್ಲಿ ನಾನು ಜಂಬದಿಂದ ಹಾಡಿದ್ದೆ. ನೀವು ನವಿಲುಗರಿ ಬರೆದ್ರಿ. ಅವತ್ತೇ ತಿದ್ಕೊಂಡೆ. ಈ ಸಲ ಚೆನ್ನಾಗಿ ಬಂದಿದೆ ಅಂದ್ಕೊಂಡಿದ್ದೆ, ನೋಡಿ. ಜೀವನದಲ್ಲಿ ಮೊದಲ ಸಲ ಚೆನ್ನಾಗಿ ಹಾಡಿದೀನಿ ಅಂದ್ಕೊಂಡಿದ್ದೆ."

ಇವರು ನಸುನಕ್ಕು ತಲೆಯಾಡಿಸಿದರು.

"ಮುಖ ನೋಡ್ಕೊಂಡು ಹೇಳೋರು ಅಲ್ಲ ನೀವು. ಅದಕ್ಕೇ ಬಂದೆ. ನಿಜ ಹೇಳ್ಬಿಡಿ. ದನಿ ಮುಗೀತಾ ನಂದು?"

ಇವರು ತಲೆಯಾಡಿಸಿದರು.

"ಹಾಡೋದು ನಿಲ್ಲಿಸ್ಲಾ?"

ನಾನು ಇವರ ಪಕ್ಕದಲ್ಲೇ ನಿಂತಿದ್ದೆ. ಎದುರಿಗೆ ಬಂದು ತುಟಿಯಾಡಿಸಿದ್ದರೆ ಸಾಕಿತ್ತು. ನಾನು ಪಕ್ಕದಿಂದ ಎದುರಿಗೆ ಬರಲಿಲ್ಲ. ಇವರು ಆಕೆಯನ್ನೇ ನೋಡುತ್ತ, ಬಹಳ ಪ್ರೀತಿಯಿಂದ, ಇನ್ನೊಂದು ಸಲ ತಲೆಯಾಡಿಸಿದರು.

"ಟೀ ಕುಡೀತೀರಾ ಅಕ್ಕ?" ಎಂದೆ.

ಕುಡಿಯಲಿಲ್ಲ. ಅಚ್ಚನ್ನು ಮತ್ತೆ ಸುತ್ತಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದಳು. "ಏನಂದ್ರು?" ಎಂದು ಇವರು ನನ್ನ ಕಡೆ ತಿರುಗಿದರು. "ಚಿತ್ರ ಚೆನ್ನಾಗಿದೆ ಅಂದ್ರು," ಎಂದೆ.

ನಾನು ಬಾಯಿ ಬಿಟ್ಟಿದ್ದರೆ ಇವರ ಕಿವುಡು ಅಲ್ಲೇ ಬಯಲಾಗುತ್ತಿತ್ತು. ಕೆಲಸ ಹೋಗುತ್ತಿತ್ತು. ಗಂಡನ ಮರ್ಯಾದೆ ಉಳಿಸಿದ್ದೇನೆ. ಬೇರೆ ಯಾವ ಹೆಂಗಸಾದರೂ ಇದನ್ನೇ ಮಾಡುತ್ತಿದ್ದಳು.

ಮೇ 18, ಭಾನುವಾರ

ಬಹಳ ದಿನದ ಮೇಲೆ ಪ್ರಾರ್ಥನೆಗೆ ಕೂತೆ. ಏನು ಕೇಳಬೇಕೆಂದು ಹೊಳೆಯಲಿಲ್ಲ. ಎದ್ದು ಕಪಾಟು ಒರೆಸಿದೆ.

ಜೂನ್ 3, ಮಂಗಳವಾರ

ಫೋನಾಗಿದ್ದರೆ ನಾನು ಸಂಭಾಳಿಸುತ್ತಿದ್ದೆ. ಈ ಸಲ ಅರ್ಜೆಂಟು ಕಾಗದ ಬರೆದರು. ಅಂಚೆಯವನು ಅದನ್ನು ಇವರ ಕೈಗೇ ಕೊಟ್ಟ. ಓದಿ ಮುಗಿಸಿ ಇವರು ಕಾಗದವನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿಟ್ಟರು. "ರೆಕಾರ್ಡು ಬಿಡುಗಡೆ ಬೇಡ, ಇನ್ನು ಹಾಡುವುದೂ ಇಲ್ಲ ಎಂದು ಹೇಳಿಕಳಿಸಿದ್ದಾರೆ. ದನಿ ಮುಗಿದಿದೆ ಎಂದು ತಾವೇ ಚಿತ್ರದಲ್ಲಿ ತೋರಿಸಿದ್ದೀರಂತೆ, ಕೇಳಿದಾಗ ಮೂರು ಸಲ ತಲೆಯಾಡಿಸಿದಿರಂತೆ. ಅರ್ಜೆಂಟಾಗಿ ಉತ್ತರ ಬರೆಯಿರಿ."

ಇವರು ಕುರ್ಚಿಯಿಂದ ಎದ್ದರು. ಕೋಣೆಗೆ ಹೋದರು. ಬಾಗಿಲು ಹಾಕಲಿಲ್ಲ, ನೋಡಲಿ ಎಂದೇ ಇರಬೇಕು. ಸ್ಪೀಕರನ್ನು ಕೆಳಗಿಳಿಸಿ ಅದರ ಮುಂದಿನ ಬಟ್ಟೆಯನ್ನು ಬ್ಲೇಡಿನಿಂದ ಕೊಯ್ದು ತೆಗೆದರು. ಆಕೆಯ ಮಾದರಿ ರೆಕಾರ್ಡು ಹಾಕಿ, ನೆಲದ ಮೇಲೆ ಕೂತು, ಕೂಸನ್ನು ಕೂರಿಸಿಕೊಂಡ ಹಾಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ಒಳಗೆ ನಡುಗುವ ಕಪ್ಪು ಕಾಗದದ ಮೇಲೆ ಎಡ ಅಂಗೈ ಇಟ್ಟರು. ಆ ಕೈಯ ನಾಡಿಯ ಮೇಲೆ ಬಲಗೈಯ ಎರಡು ಬೆರಳು. ಕಣ್ಣು ಮುಚ್ಚಿದ್ದರು. ನಾಲ್ಕನೆಯ ಹಾಡು ಬಂದಾಗ ತುಟಿ ಅಲ್ಲಾಡುವುದು ಕಂಡಿತು, ಎಣಿಸುತ್ತಿದ್ದರು. ರೆಕಾರ್ಡು ಮುಗಿದ ಮೇಲೂ ಕೈ ತೆಗೆಯಲಿಲ್ಲ.

"ಹತ್ತೊಂಬತ್ತು," ಎಂದರು ಕೊನೆಗೆ. "ಮೊದಲನೇ ರೆಕಾರ್ಡಲ್ಲಿ ನನ್ನ ನಾಡಿ ಹದಿನಾಲ್ಕು ಬಡಿಯೋವರೆಗೆ ಎಳೀತಿದ್ರು. ಈಗ ಹತ್ತೊಂಬತ್ತು. ಎಲ್ಲೂ ಕಡಿದಿಲ್ಲ. ನಡುಗಿಲ್ಲ. ಬೇರೆ ಯಾವುದಕ್ಕೆ ಹೀಗೆ ಹೇಳಿದ್ದೀಯ?"

"ಹಳದಿ ಅಂಗಿ," ಎಂದೆ. ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ಆಸ್ಪತ್ರೆಯ ದಿನ, ಕುಕ್ಕರು, ನನ್ನ ಬಾಗಿಲು ಇವರದಾದದ್ದು, ನಲವತ್ತು ವರ್ಷದ್ದೆಲ್ಲ ಹೊರಗೆ ಬಂತು. ಇವರು ನನ್ನ ತುಟಿಯಿಂದ ಕಣ್ಣು ಕದಲಿಸದೆ ನೋಡಿದರು. ನಿಜ ಹೇಳಬೇಕೆಂದರೆ, ಒಂದು ಕ್ಷಣ ಸುಖವಾಯಿತು.

"ನಿನ್ನ ನೋವು ನಂದೇ ತಪ್ಪು, ಒಪ್ಕೋತೀನಿ," ಎಂದರು. "ಆದ್ರೆ ಅದನ್ನ ಅವರ ಹೆಸರಿನ ಕೆಳಗೆ ನನ್ನ ಕೈಯಲ್ಲಿ ಬರೆಸಿದೆಯಲ್ಲೇ."

ನಾನು ಮತ್ತೆ ಬಾಯಿ ತೆರೆದೆ. ಇವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಕಿವಿ ಕೇಳದ ಗಂಡನ ಜೊತೆಗಿನ ಜಗಳ ಅಷ್ಟು ಸುಲಭವಾಗಿ ಮುಗಿಯುತ್ತದೆ. ಕತ್ತು ಒಂದಿಷ್ಟು ತಿರುಗಿದರೆ ಆಯಿತು.

ಜೂನ್ 5, ಗುರುವಾರ

ಮುಖ ತಿರುಗಿಸಿಯೇ ಇದ್ದಾರೆ. ತಟ್ಟೆ ಇಟ್ಟರೆ ತಟ್ಟೆ ನೋಡುತ್ತಾರೆ.

ಜೂನ್ 20, ಶುಕ್ರವಾರ

ಮಗಳು ಬಂದಿದ್ದಾಳೆ. ಇವರು ಎಲ್ಲವನ್ನೂ ಅವಳಿಗೆ ಕಾಗದದಲ್ಲಿ ಬರೆದು ತಿಳಿಸಿದ್ದರಂತೆ. ಕಂಪನಿಗೂ ಒಬ್ಬರೇ ಹೋಗಿ ಬಂದಿದ್ದಾರೆ, ಹಾಡಿದಾಕೆಯ ಮನೆಗೂ ಹೋಗಿದ್ದಾರೆ, ಜೇಬಿನಲ್ಲಿ ಬರೆದಿಟ್ಟುಕೊಂಡ ಚೀಟಿಗಳೊಂದಿಗೆ. "ನನಗೆ ಕಿವಿ ಕೇಳುವುದಿಲ್ಲ. ನಾನು ನಿಮ್ಮ ಹಾಡು ಕೇಳಿರಲಿಲ್ಲ. ಕೈಯಿಂದ ಮುಟ್ಟಿ ನೋಡಿದ್ದೇನೆ. ನಿಲ್ಲಿಸಬೇಡಿ." ಚೀಟಿ ಓದಿ ಆಕೆ, ಹೊಸ ಕವರು ಬರೆದುಕೊಟ್ಟರೆ ರೆಕಾರ್ಡು ಬರಲಿ ಎಂದಿದ್ದಾಳೆ. ಇದೇ ಕೊನೆಯದು, ಮುಂದಿನ ಕೆಲಸವೆಲ್ಲ ಕಂಪ್ಯೂಟರಿನಲ್ಲಿ ಎಂದು ಕಂಪನಿ ಹೇಳಿದೆ. ಇಷ್ಟು ದಿನ ನಾನು ಯಾವುದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆನೋ ಅದನ್ನು ಇವರು ಒಂದು ಚೀಟಿಯಲ್ಲಿ ಬಿಟ್ಟುಕೊಟ್ಟರು.

"ಅಮ್ಮಾ, ನೀನು ದಿನಾ ಅಷ್ಟೊತ್ತು ದೇವರ ಮುಂದೆ ಕೂತು ಏನು ಬೇಡ್ಕೊಳ್ತಿದ್ದೆ?" ಎಂದಳು ಮಗಳು.

"ನಿಂಗೇನೇ ಗೊತ್ತು? ನೀನು ಹುಟ್ಟಿದ ದಿನ ನಿಮ್ಮಪ್ಪ…"

"ಸಂಜೆ ಬಂದ್ರು. ಸಾವಿರ ಸಲ ಕೇಳಿದ್ದೀನಿ. ಬಂದೋರು ನನ್ನನ್ನ ಎತ್ಕೊಂಡು ಬೆಳಗಾಗೋವರೆಗೂ ಕೆಳಗಿಡ್ಲಿಲ್ಲ, ನನ್ನ ಅಳೂನೂ ಒಂದು ರಾಗ ಅಂತ ಕೂತಿದ್ರು ಅಂತ ಅಜ್ಜಿ ಹೇಳ್ತಿದ್ರು. ಅದನ್ನ ಮಾತ್ರ ನೀನು ಒಂದ್ಸಲಾನೂ ಹೇಳಿಲ್ಲ."

ನನ್ನ ತಾಯಿ ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ನಾನು ಮಲಗಿದ್ದೆನೇನೋ.

ಜುಲೈ 11, ಶುಕ್ರವಾರ

ರೆಕಾರ್ಡು ಬಂತು. ಈ ಕವರನ್ನು ನಾನು ಅಚ್ಚಾದ ಮೇಲೆಯೇ ನೋಡಿದ್ದು. ಬರೆಯುವಾಗ ಸ್ಟೂಲಿನ ಮೇಲೆ ಮತ್ತೆ ಬಣ್ಣದ ಡಬ್ಬಿಗಳು ಬಂದಿದ್ದವು.

ಚಿತ್ರವೆಂದು ಏನೂ ಇಲ್ಲ. ಕಪ್ಪಿಗೆ ಹತ್ತಿರವಾದ ನೀಲಿ, ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಅಡ್ಡ ಪಟ್ಟಿಗಳು, ಒಂದು ಉಸಿರಿಗೆ ಒಂದು. ಕೆಲವು ಮೋಟು, ಕೆಲವು ಉದ್ದ. ಒಂದು ಮಾತ್ರ ಮುಂಭಾಗದ ಅಂಚು ದಾಟಿ ಹಿಂದಕ್ಕೆ ಹೋಗಿ, ಹಿಂಬದಿಯಲ್ಲೆಲ್ಲ ಹರಿದು ನಿಂತಿದೆ. ಅಕ್ಷರಗಳಿಗೆ ಒಂದು ಮೂಲೆ ಸಾಕಾಗಿದೆ. ನೋಡಿದಾಗ ಏನೆಂದು ತಿಳಿಯಲಿಲ್ಲ. ಕಿವುಡರು ಬರೆದದ್ದು ಹೀಗೆಯೇ ಇರುತ್ತದೆ ಎಂದುಕೊಂಡೆ. ನಾನು ಹೇಳಿಕೊಟ್ಟಿದ್ದರೆ ಇನ್ನೂ ಚೆನ್ನಾಗಿ ಬರುತ್ತಿತ್ತು ಎಂದೂ ಅಂದುಕೊಂಡೆ.

ಇನ್ನು ಉಳಿದದ್ದನ್ನು ನಿಮಗೇ ಬರೆಯುತ್ತಿದ್ದೇನೆ ರೀ. ನೀವು ಅಂಗಡಿಗೆ ಹೋದಾಗ ಕೋಣೆಗೆ ಹೋಗಿ ಹಾಡು ಹಾಕಿದೆ. ಕವರು ತೊಡೆಯ ಮೇಲಿಟ್ಟುಕೊಂಡು ಪಟ್ಟಿಗಳ ಮೇಲೆ ಬೆರಳಾಡಿಸುತ್ತ ಕೇಳಿದೆ. ಬೆರಳು ಪಟ್ಟಿಯ ತುದಿಗೆ ಬಂದಾಗ ಆಕೆಯ ಉಸಿರು ಮುಗಿಯುತ್ತದೆ. ಬೆರಳು ಖಾಲಿ ಜಾಗ ದಾಟುವಾಗ ಆಕೆ ಸುಮ್ಮನಿರುತ್ತಾಳೆ. ನಾಲ್ಕನೆಯ ಹಾಡಿಗೆ ಕವರನ್ನು ತಿರುಗಿಸಬೇಕಾಯಿತು. ತಿರುಗಿಸಿದರೂ ದನಿ ಇನ್ನೂ ಇತ್ತು.

ಬಾಗಿಲ ಸದ್ದಾಯಿತು. ನೀವು ಕೋಣೆಗೆ ಬಂದು ನೀಲಿ ಮೆತ್ತಿದ್ದ ಬ್ರಶ್ಶು ಎತ್ತಿಕೊಂಡು, ನನ್ನನ್ನು ದಾಟಿ ಅಡುಗೆಮನೆಗೆ ಹೋಗಿ ನಲ್ಲಿಯ ಕೆಳಗೆ ತೊಳೆಯತೊಡಗಿದಿರಿ. ನಾನು ಹಿಂದೆಯೇ ಬಂದು ನಿಂತೆ.

"ಸರಿಯಾಗಿದೆ ರೀ," ಎಂದೆ. "ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಅವರು ಹಾಡಿರೋದು ಹೀಗೆಯೇ."

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಿಮ್ಮ ಬೆನ್ನು ಅಲ್ಲಾಡಲಿಲ್ಲ. ನೀರು ನೀಲಿಯಾಗಿ ಹೋಗುತ್ತಿತ್ತು, ಆಮೇಲೆ ತಿಳಿಯಾಯಿತು. ತಿಳಿಯಾದ ಮೇಲೂ ನೀವು ತೊಳೆಯುತ್ತಲೇ ಇದ್ದಿರಿ.